ಕೌದಿ ಒಗೆಯುವ ಕಾಲ: ಕರ್ನಾಟಕದ ಮನೆಗಳಲ್ಲಿ ಬಟ್ಟೆ ಮತ್ತು ಹಾಸಿಗೆಯ ಒಗೆತ

ಮನೆಯ ಬಟ್ಟೆಯನ್ನು ಎಷ್ಟು ದಿನಕ್ಕೊಮ್ಮೆ ಒಗೆಯಬೇಕೆಂಬುದನ್ನು ಕೊಳೆ ನಿರ್ಧರಿಸುವುದಿಲ್ಲ. ಹಾಗೆ ನಿರ್ಧರಿಸುವಂತಿದ್ದರೆ, ರಾತ್ರಿ ಏಳೆಂಟು ಗಂಟೆ ಮುಖಕ್ಕೆ ಒತ್ತಿಕೊಂಡು ಬೆವರು, ತಲೆಯ ಎಣ್ಣೆ, ಜೊಲ್ಲು ಎಲ್ಲವನ್ನೂ ಹೀರುವ ದಿಂಬಿನ ಗವಸು ಎಲ್ಲಕ್ಕಿಂತ ಮೊದಲು ಒಗೆಯುವ ಕಲ್ಲಿನ ಮೇಲೆ ಬೀಳಬೇಕಿತ್ತು. ನಮ್ಮ ಮನೆಗಳಲ್ಲಿ ನಡೆಯುವುದು ಬೇರೆ. ಕಚೇರಿಗೆ ಹಾಕಿಕೊಂಡು ಹೋದ ಅಂಗಿ ಒಂದೇ ದಿನಕ್ಕೆ ಒಗೆಯುವ ಬಕೆಟ್ಟಿಗೆ ಬೀಳುತ್ತದೆ. ಮಗುವಿನ ಸಮವಸ್ತ್ರ ದಿನ ಬಿಟ್ಟು ದಿನ ಒಗೆಸಿಕೊಳ್ಳುತ್ತದೆ. ಹಾಸಿಗೆಯ ಮೇಲುಹಾಸು ಹದಿನೈದು ದಿನವೋ ತಿಂಗಳೋ ಕಾಯುತ್ತದೆ. ಹೊದಿಕೆಗೆ ಹಬ್ಬವೇ ಬರಬೇಕು.

ನೀರು ಯಾವಾಗ ಬರುತ್ತದೆ, ಒಗೆಯುವ ಕೈ ಯಾರದು, ಬಟ್ಟೆಯನ್ನು ನೋಡುವವರು ಯಾರು ಎಂಬ ಮೂರು ಸಂಗತಿಗಳೇ ಈ ವ್ಯತ್ಯಾಸವನ್ನು ರೂಪಿಸಿವೆ ಎಂಬುದು ಈ ಲೇಖನದ ವಾದ. ಇದಕ್ಕೆ ಅಂಟಿಕೊಂಡೇ ಇನ್ನೊಂದು ಮಾತಿದೆ. ಹಾಸಿಗೆಯನ್ನು ಅಪರೂಪಕ್ಕೆ ಒಗೆಯುವ ಹಳೆಯ ಪದ್ಧತಿ ಬಿಸಿಲಿನ ಬಲದ ಮೇಲೆ ನಿಂತಿತ್ತು. ಆ ಬಿಸಿಲು ಈಗ ಮನೆಯಿಂದ ದೂರವಾಗಿದೆ, ಅಪರೂಪದ ಒಗೆತ ಮಾತ್ರ ಹಾಗೆಯೇ ಉಳಿದಿದೆ.

ಮಹಾಲಯ ಅಮಾವಾಸ್ಯೆ ಹತ್ತಿರ ಬಂದಂತೆ ಉತ್ತರ ಕರ್ನಾಟಕದ ಮನೆಗಳಲ್ಲಿ ಹಾಸಿಗೆ ಅಂಗಳಕ್ಕೆ ಬರುತ್ತದೆ. ನವರಾತ್ರಿಯ ಘಟ್ಟ ಹಾಕುವ ಮೊದಲು ಸುಣ್ಣ, ಸಾರಣೆಯ ಜೊತೆಗೇ ಕೌದಿ, ಚಾದರ, ಜಮಖಾನೆ, ಗವಸುಗಳೆಲ್ಲ ಗಂಟಾಗಿ ಗಾಡಿಗೋ ಟ್ರ್ಯಾಕ್ಟರಿಗೋ ಏರಿ ಹೊಳೆ, ಹಳ್ಳ, ಕಾಲುವೆಯ ದಾರಿ ಹಿಡಿಯುತ್ತವೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಕೈಯಿಂದ ಹೊಲಿದ ಕೌದಿ ಒಣಗಿದ್ದಾಗ ಮೂರ್ನಾಲ್ಕು ಕಿಲೋ ತೂಗಿದರೆ ನೆಂದಾಗ ಹತ್ತು ಕಿಲೋ ದಾಟುತ್ತದೆ. ಒಬ್ಬಳೇ ಎತ್ತಿ ಬಡಿಯುವಂಥದ್ದಲ್ಲ. ಸೋಡಾ, ಸಾಬೂನಿನ ನೀರಲ್ಲಿ ನೆನೆಹಾಕಿ, ಹಾಸುಗಲ್ಲಿನ ಮೇಲೆ ಹರವಿ, ಸೀರೆ ಎತ್ತಿಕಟ್ಟಿದ ಹೆಂಗಸರು ಕಾಲಿನಿಂದ ತುಳಿಯುತ್ತಾರೆ. ಹರಿಯುವ ನೀರಲ್ಲಿ ಜಾಲಾಡಿದ ಮೇಲೆ ಇಬ್ಬರು ಎರಡು ತುದಿ ಹಿಡಿದು ಎದುರುಬದುರಾಗಿ ತಿರುವುತ್ತಾರೆ. ಹುರಿಯಾದ ಕೌದಿಯಿಂದ ಮೊದಲು ಕಂದು ನೀರು, ಆಮೇಲೆ ಬೂದು ನೀರು, ಎರಡು ಮೂರು ಸಲ ಜಾಲಾಡಿದ ಬಳಿಕವಷ್ಟೇ ತಿಳಿನೀರು ಇಳಿಯುತ್ತದೆ. ನಂತರ ಬಂಡೆ, ಬೇಲಿ, ಹುಲ್ಲುಗಾವಲು ಎಲ್ಲೆಂದರಲ್ಲಿ ಹರವಿ, ಮಧ್ಯಾಹ್ನಕ್ಕೊಮ್ಮೆ ಮಗುಚಿ ಹಾಕಬೇಕು. ಒಳಪದರ ಹಸಿಯಾಗಿ ಉಳಿದರೆ ಕೌದಿ ಮುಗ್ಗಲು ಹಿಡಿಯುತ್ತದೆ.

ಈ ಕೆಲಸ ಆ ದಿನಗಳಿಗೇ ಏಕೆ ಬಿದ್ದಿತು? ಧಾರ್ಮಿಕ ಕಾರಣವನ್ನು ಎಲ್ಲರೂ ಹೇಳುತ್ತಾರೆ. ಹವಾಮಾನದ ಕಾರಣವನ್ನೂ ಅಷ್ಟೇ ಗಂಭೀರವಾಗಿ ನೋಡಬೇಕು. ಬಯಲುಸೀಮೆಯಲ್ಲಿ ಬೇಸಿಗೆಗೆ ಬಿಸಿಲುಂಟು, ಹಳ್ಳದಲ್ಲಿ ನೀರಿಲ್ಲ. ಮಳೆಗಾಲಕ್ಕೆ ನೀರುಂಟು, ಬಿಸಿಲನ್ನು ನಂಬುವಂತಿಲ್ಲ. ಭಾದ್ರಪದದ ಕೊನೆಗೆ ಹಳ್ಳ ಹರಿಯುತ್ತಿರುತ್ತದೆ, ಮೋಡ ಸರಿದು ಬಿಸಿಲೂ ಖಾರವಾಗುತ್ತದೆ. ಹತ್ತು ಕಿಲೋ ಹಸಿ ಹತ್ತಿಯನ್ನು ಒಂದೇ ದಿನದಲ್ಲಿ ಒಣಗಿಸುವ ಅನುಕೂಲ ಇಂಥ ದಿನಗಳಲ್ಲಿ ಮಾತ್ರ ಸಿಗುತ್ತದೆ. ಚಳಿಗೆ ಕೌದಿ ಬೇಕಾಗುವುದೂ ಅದಾದ ಮೇಲೆಯೇ. ಹಬ್ಬ ಈ ಅನುಕೂಲಕ್ಕೆ ಕಟ್ಟಳೆಯ ಬಲ ಕೊಟ್ಟಿತೆಂದು ನಾನು ಓದುತ್ತೇನೆ. ಕಟ್ಟಳೆ ಇಲ್ಲದಿದ್ದರೆ ಇಷ್ಟು ಭಾರದ ಕೆಲಸ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತಿತ್ತು.

ಮಲೆನಾಡಿನ ಲೆಕ್ಕ ಬೇರೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಆಗುಂಬೆಯಂಥ ಕಡೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಉಡುವ ಬಟ್ಟೆಯನ್ನೇ ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಿ ಹೊಗೆಯಲ್ಲಿ ಒಣಗಿಸಬೇಕು. ಹೊದಿಕೆ ಒಗೆಯುವ ಮಾತು ಅಲ್ಲಿ ಮಳೆಗಾಲದಲ್ಲಿ ಹುಟ್ಟುವುದಿಲ್ಲ.

ಕಂಬಳಿಯ ವಿಚಾರದಲ್ಲಿ ಒಗೆಯದಿರುವುದೇ ಆರೈಕೆ. ಚಳ್ಳಕೆರೆ, ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಂಥ ಊರುಗಳಲ್ಲಿ ನೇಯುವ ಕುರಿಯುಣ್ಣೆಯ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕುತ್ತಾರೆ. ಪದೇ ಪದೇ ನೀರಿಗಿಳಿಸಿದರೆ ಆ ಗಂಜಿ ಕರಗಿಹೋಗುತ್ತದೆ, ಉಣ್ಣೆ ಕುಗ್ಗುತ್ತದೆ. ಹಾಗಾಗಿ ಕಂಬಳಿಯನ್ನು ಕೊಡವಿ, ಬಿಸಿಲಿಗೆ ಹಾಕಿ ಬಳಸಿದರು. ಕೌದಿ, ಚಾಪೆಗಳಿಗೂ ದಿನನಿತ್ಯದ ಕ್ರಮ ಇದೇ ಆಗಿತ್ತು: ಬೆಳಗ್ಗೆ ಎದ್ದೊಡನೆ ಕೊಡವುವುದು, ಸುತ್ತಿಡುವುದು, ಆಗಾಗ ಅಂಗಳದ ಬಿಸಿಲಿಗೆ ಹಾಕುವುದು. ಫ್ಲಾರೆನ್ಸ್ ನೈಟಿಂಗೇಲ್ 1860ರ ಹೊತ್ತಿನಲ್ಲಿ ಹೊರತಂದ ಶುಶ್ರೂಷೆಯ ಪುಸ್ತಕದಲ್ಲಿ ಹಾಸಿಗೆಗೇ ಒಂದು ಅಧ್ಯಾಯ ಮೀಸಲಿಟ್ಟು, ಮೈಯ ತೇವ ಹಾಸಿಗೆಯಲ್ಲಿ ಉಳಿಯುವುದನ್ನೂ ಹಾಸಿಗೆಗೆ ಗಾಳಿಯಾಡಿಸುವ ಅಗತ್ಯವನ್ನೂ ಒತ್ತಿ ಹೇಳಿದರು. ಚಾಪೆ ಸುತ್ತಿ ಮೂಲೆಗೆ ನಿಲ್ಲಿಸುತ್ತಿದ್ದ ಮನೆಗಳು ಅದನ್ನು ಓದದೆಯೂ ಪಾಲಿಸುತ್ತಿದ್ದವು. ಧೂಳಿನ ನುಸಿ ಬದುಕುವುದು ಗಾಳಿಯ ತೇವವನ್ನು ಹೀರಿಕೊಂಡು. ತೇವ ಆರಿದ ಹಾಸಿಗೆಯಲ್ಲಿ ಅದಕ್ಕೆ ಉಳಿಗಾಲವಿಲ್ಲ ಎಂಬುದು ಇಂದಿನ ವಿಜ್ಞಾನದ ವಿವರಣೆ.

ಒಗೆತದ ಆವರ್ತನ ಕೊಳೆಯನ್ನು ಅನುಸರಿಸುವುದಿಲ್ಲ ಎಂಬುದಕ್ಕೆ ಮಡಿಯ ಆಚರಣೆ ಗಟ್ಟಿ ಸಾಕ್ಷಿ. ಎಂ.ಎನ್. ಶ್ರೀನಿವಾಸ್ ಅವರು ಕೊಡವರನ್ನು ಕುರಿತು 1952ರಲ್ಲಿ ಪ್ರಕಟಿಸಿದ ಅಧ್ಯಯನ ಮಡಿ, ಮೈಲಿಗೆಗಳನ್ನು ಸಾಮಾಜಿಕ ವ್ಯವಸ್ಥೆಯಾಗಿ ಓದುವುದನ್ನು ಕಲಿಸಿತು. ಮಡಿ ಮಾಡುವ ಮನೆಯಲ್ಲಿ ಹತ್ತಿಯ ಸೀರೆ, ಪಂಚೆಯನ್ನು ದಿನವೂ ಒಗೆದು, ಯಾರ ಕೈಗೂ ತಾಕದಂತೆ ಎತ್ತರದ ಗಳಕ್ಕೆ ಕೋಲಿನಿಂದ ಹರವಬೇಕು. ರೇಷ್ಮೆಯ ಪೀತಾಂಬರ, ಉಣ್ಣೆಯ ಧಾಬಳಿಗೆ ಆ ನಿಯಮವಿಲ್ಲ, ಒಗೆಯದೆಯೂ ಅವು ಎಷ್ಟೋ ದಿನ ಮಡಿಯಾಗಿಯೇ ಉಳಿಯುತ್ತವೆ. ಪೂಜೆ, ಅಡುಗೆಗೆ ಇಷ್ಟು ಕಟ್ಟುನಿಟ್ಟಾಗಿದ್ದ ಮನೆಯೂ ಹಾಸಿಗೆಯನ್ನು ಮೈಲಿಗೆಯೆಂದು ಬದಿಗಿಟ್ಟುಬಿಟ್ಟಿತ್ತು. ಹೇಗೂ ಮೈಲಿಗೆಯಾದದ್ದನ್ನು ದಿನವೂ ಒಗೆಯುವ ಒತ್ತಾಯ ಯಾರಿಗೂ ಇರಲಿಲ್ಲ. ಹೆರಿಗೆ, ಸಾವುಗಳ ಸೂತಕ ಕಳೆಯುವ ದಿನ ಮಾತ್ರ ಅದು ನೀರಿಗಿಳಿಯಬೇಕಿತ್ತು.

ಆ ದಿನ ಬಟ್ಟೆಯನ್ನು ಒಯ್ಯುತ್ತಿದ್ದವರು ಮಡಿವಾಳರು. ಆಯಗಾರರಲ್ಲಿ ಒಬ್ಬರಾದ ಅವರಿಗೆ ಸುಗ್ಗಿಯಲ್ಲಿ ಕಾಳು ಸಲ್ಲುತ್ತಿತ್ತು. ಕೂಲಿ ಬಟ್ಟೆಯ ಎಣಿಕೆಗಲ್ಲ, ವರ್ಷಕ್ಕೆ. ಎಷ್ಟು ಬಟ್ಟೆ, ಎಷ್ಟು ಸಲ ಎಂಬುದು ಕೊಡುವ ಮನೆಯ ಇಷ್ಟ, ದುಡಿಯುವ ಮನೆಯ ಕಷ್ಟ. ಸೌಳುಮಣ್ಣಿನ ನೀರಲ್ಲಿ ನೆನೆಸಿ, ಉಬ್ಬೆಯ ಆವಿಯಲ್ಲಿ ಬೇಯಿಸಿ, ಕಲ್ಲಿಗೆ ಬಡಿದು, ಬಿಸಿಲಿಗೆ ಹಾಕುವ ಅವರ ಕ್ರಮದಲ್ಲಿ ಕ್ಷಾರ, ಶಾಖ, ಬಿಸಿಲು ಮೂರೂ ಸೇರಿದ್ದವು. ತಣ್ಣೀರಿನ ಮನೆಯ ಒಗೆತಕ್ಕೆ ಆ ಶಕ್ತಿ ಇಲ್ಲ. ಪಟ್ಟಣದಲ್ಲಿ ಬಟ್ಟೆಯೊಂದಕ್ಕೆ ಇಷ್ಟೆಂದು ದುಡ್ಡು ಕೊಡುವ ಪದ್ಧತಿ ಬಂದಾಗ ಮನೆಯವರು ಲೆಕ್ಕ ಹಾಕತೊಡಗಿದರು. ಮೊದಲು ಪಟ್ಟಿಯಿಂದ ಬಿದ್ದದ್ದು ಭಾರದ ಹೊದಿಕೆಗಳೇ ಇರಬೇಕು.

ಮಡಿವಾಳರ ಸೇವೆ ದಲಿತರ ಕೇರಿಗೆ ಇರಲಿಲ್ಲ. ಊರ ಬಾವಿಗೆ, ಕೆರೆಯ ಮೆಟ್ಟಿಲಿಗೆ ದಲಿತರಿಗೆ ಪ್ರವೇಶವೂ ಇರಲಿಲ್ಲ. ಡಾ. ಅಂಬೇಡ್ಕರ್ 1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಯ ನೀರು ಮುಟ್ಟಿದ್ದು ಕುಡಿಯುವ ನೀರಿನ ಹಕ್ಕಿಗಾಗಿ. ಒಗೆಯುವ ನೀರಿನ ಪ್ರಶ್ನೆಯೂ ಅದರೊಳಗಿದೆ. ನೀರನ್ನು ತಡೆದವರೇ ನೀರಿಲ್ಲದವರ ಬಟ್ಟೆಯ ಕೊಳೆಯನ್ನು ಅವರ ಗುಣವೆಂದು ಸಾರಿದರು. ಒಗೆತದ ಆವರ್ತನವನ್ನು ಜಾತಿ, ಸಮುದಾಯಗಳ 'ಅಭ್ಯಾಸ'ವೆಂದು ದಾಖಲಿಸುವ ಸಂಶೋಧಕರು ಈ ಅನ್ಯಾಯವನ್ನು ಮರೆತರೆ ಅದನ್ನೇ ಮುಂದುವರಿಸಿದಂತಾಗುತ್ತದೆ.

ನೀರಿನ ಲೆಕ್ಕವನ್ನು ಅಂಕಿಯಲ್ಲೇ ನೋಡೋಣ. ನಗರದ ಮನೆಗೆ ತಲಾ ದಿನಕ್ಕೆ 135 ಲೀಟರ್ ಎಂಬ ಭಾರತೀಯ ಮಾನದಂಡದಲ್ಲಿ ಬಟ್ಟೆ ಒಗೆಯಲು ಹಿಡಿದಿರುವುದು 20 ಲೀಟರ್. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಹಳ್ಳಿಯ ಮನೆಗೆ ಇಟ್ಟುಕೊಂಡ ಗುರಿ ತಲಾ 55 ಲೀಟರ್. ನಾಲ್ವರ ಮನೆಗೆ 220 ಲೀಟರ್ ಆಯಿತು. ಮೇಲಿನಿಂದ ಬಟ್ಟೆ ತುಂಬುವ ಯಂತ್ರ ಒಂದು ಸಲ ಓಡಿದರೆ 100 ಲೀಟರಿಗೂ ಹೆಚ್ಚು ಕುಡಿಯುತ್ತದೆ. ಒಂದೇ ಒಂದು ಸಲ ಮೇಲುಹಾಸು, ಹೊದಿಕೆ ಒಗೆದರೆ ಆ ದಿನದ ಅರ್ಧ ನೀರು ಅಲ್ಲಿಗೇ ಹೋಯಿತು. ಇದೂ ದಿನವೂ ನೀರು ಬಂದರೆ. ಹುಬ್ಬಳ್ಳಿ–ಧಾರವಾಡದಲ್ಲಿ ವಿಶ್ವಬ್ಯಾಂಕಿನ ನೆರವಿನ ನಿರಂತರ ನೀರು ಯೋಜನೆ 2008ರ ಸುಮಾರಿಗೆ ಕೆಲವು ಬಡಾವಣೆಗಳಿಗೆ ಬಂದರೂ ಉಳಿದ ಕಡೆ ವಾರಕ್ಕೊಮ್ಮೆಯೋ ಅದಕ್ಕೂ ತಡವಾಗಿಯೋ ನಳ ಬರುವುದನ್ನು ಊರೆಲ್ಲ ಬಲ್ಲದು. ಅಂಥ ಮನೆಯಲ್ಲಿ ನಳ ಬಂದ ದಿನವೇ ಅರಿವೆ ಒಗೆಯುವ ದಿನ. ಕೆಲಸಕ್ಕೆ ಹೋಗುವವಳು ರಜೆ ಹಾಕಬೇಕು, ಇಲ್ಲವೇ ನಡುರಾತ್ರಿ ಎದ್ದು ಒಗೆಯಬೇಕು.

'ಅವಳು' ಎಂದು ಬರೆದದ್ದು ಅಂಕಿ ನೋಡಿಯೇ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಅಂಥ ಕೆಲಸ ಮಾಡುವ ಗಂಡಸರು 97 ನಿಮಿಷ. ಗಂಡಸರಲ್ಲಿ ಆ ಕೆಲಸಕ್ಕೆ ಕೈಹಾಕುವವರೇ ಸುಮಾರು ಕಾಲು ಭಾಗ. ಯಂತ್ರ ಬಂದ ಮೇಲೆ ಈ ಹೊರೆ ಇಳಿಯಿತೇ? ಅಮೆರಿಕದ ಮನೆಗಳ ಇತಿಹಾಸ ಬರೆದ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದರು: ಯಂತ್ರ ಬಂದಾಗ ಒಗೆಯುವ ಬಟ್ಟೆಯ ರಾಶಿ ಬೆಳೆಯಿತು, ತಾಯಿಯ ಕೆಲಸದ ಹೊತ್ತು ಇಳಿಯಲಿಲ್ಲ. ನಮ್ಮಲ್ಲೂ ಎರಡು ದಿನ ಹಾಕುತ್ತಿದ್ದ ಅಂಗಿ ಒಂದೇ ದಿನಕ್ಕೆ ಯಂತ್ರಕ್ಕೆ ಬೀಳುತ್ತಿದೆ. ಆರೇಳು ಕಿಲೋ ಸಾಮರ್ಥ್ಯದ ಆ ಯಂತ್ರಕ್ಕೆ ಕೌದಿ, ರಜಾಯಿ ಹಿಡಿಸುವುದಿಲ್ಲ. ಆಗಲೇ ಹೆಚ್ಚಾಗಿ ಒಗೆಸಿಕೊಳ್ಳುತ್ತಿದ್ದ ಅಂಗಿಯ ಸರದಿಯನ್ನೇ ಯಂತ್ರ ಇನ್ನಷ್ಟು ಹೆಚ್ಚಿಸಿತು, ಹಿಂದೆ ಬಿದ್ದಿದ್ದ ಹಾಸಿಗೆಯನ್ನು ಅಲ್ಲೇ ಬಿಟ್ಟಿತು. 1959ರಲ್ಲಿ ಭಾರತಕ್ಕೆ ಬಂದ ಸರ್ಫ್, 1969ರಲ್ಲಿ ಹುಟ್ಟಿದ ನಿರ್ಮಾ ಎರಡರ ಜಾಹೀರಾತುಗಳೂ ಮಾರಿದ್ದು ನಾಲ್ಕು ಜನರೆದುರು ಬೆಳಗುವ ಬಿಳುಪನ್ನು. ಹೆಚ್ಚಿದ ಒಗೆತದ ನೊರೆ ಎಲ್ಲಿಗೆ ಹೋಗುತ್ತದೆಂಬುದು 2015ರ ಸುಮಾರಿಗೆ ಬೆಳ್ಳಂದೂರು ಕೆರೆಯ ಕೋಡಿಯಿಂದ ರಸ್ತೆಗೇ ಹಾರಿ ಬಂದು ಕಾಣಿಸಿತು.

ಅಷ್ಟರಲ್ಲಿ ಹಾಸಿಗೆಯೇ ಬದಲಾಯಿತು. ಸುತ್ತಿಡುವ ಚಾಪೆಯ ಜಾಗಕ್ಕೆ ಎತ್ತಲಾಗದ ಫೋಮ್ ಹಾಸಿಗೆ ಬಂದು ಮಂಚದ ಮೇಲೆ ವರ್ಷಗಟ್ಟಲೆ ಕೂತಿದೆ. ಬಹುಮಹಡಿಯ ಮನೆಗೆ ಅಂಗಳವಿಲ್ಲ. ತಾರಸಿಗೆ ಬೀಗ, ಬಾಲ್ಕನಿಯಲ್ಲಿ ಬಟ್ಟೆ ತೂಗಿದರೆ ನಿವಾಸಿಗಳ ಸಂಘದ ಆಕ್ಷೇಪಣೆ. ಇಂಥ ಮನೆಗೆ ಅಜ್ಜಿಯ ಕಾಲದ ಸರದಿ ಹೊಂದುವುದಿಲ್ಲ. ಕೆಳಗಿನ ಹಾಸಿಗೆ ಬಿಸಿಲನ್ನೇ ಕಾಣದಿರುವಾಗ ಮೇಲುಹಾಸು, ಗವಸುಗಳನ್ನು ವಾರಕ್ಕೊಮ್ಮೆ ಒಗೆಯುವುದು ಕನಿಷ್ಠ ಅಗತ್ಯ. ಉಬ್ಬಸ, ಅಲರ್ಜಿ ಇರುವ ಮನೆಯಲ್ಲಿ ಇದನ್ನು ಬಿಡುವಂತೆಯೇ ಇಲ್ಲ. ನುಸಿ ಸಾಯಲು ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರು ಬೇಕು. ತಣ್ಣೀರು ಕೊಲ್ಲದಿದ್ದರೂ ಅಲರ್ಜಿ ತರುವ ಕಸವನ್ನು ಬಹುಪಾಲು ತೊಳೆದೊಯ್ಯುತ್ತದೆ.

ಬಟ್ಟೆ ಮತ್ತು ರೋಗದ ನಂಟನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದವರು ಫ್ರೆಂಚ್ ವೈದ್ಯ ಶಾರ್ಲ್ ನಿಕೋಲ್. ಟ್ಯೂನಿಸ್‌ನ ಆಸ್ಪತ್ರೆಯಲ್ಲಿ ಟೈಫಸ್ ರೋಗಿಗಳು ಬಾಗಿಲ ತನಕ ರೋಗ ಹರಡುತ್ತಿದ್ದರು, ಬಟ್ಟೆ ಬಿಚ್ಚಿಸಿ ಸ್ನಾನ ಮಾಡಿಸಿ ಒಳಗೆ ಬಿಟ್ಟ ಮೇಲೆ ಹರಡುತ್ತಿರಲಿಲ್ಲ. ರೋಗವನ್ನು ಹೊರುವುದು ಬಟ್ಟೆಯ ಹೊಲಿಗೆಯಲ್ಲಿ ಅಡಗುವ ಕೂರೆ ಎಂದು ಅವರು 1909ರಲ್ಲಿ ತೋರಿಸಿಕೊಟ್ಟರು, 1928ರಲ್ಲಿ ಅವರಿಗೆ ನೊಬೆಲ್ ಬಂತು. ಕಜ್ಜಿಯ ಕತೆ ತುಸು ಬೇರೆ. ಅದು ಮುಖ್ಯವಾಗಿ ಮೈಯಿಂದ ಮೈಗೆ ಹರಡುತ್ತದೆ, ಆದರೂ ಅದರ ಹುಳ ಬಟ್ಟೆಯಲ್ಲಿ ಎರಡು ಮೂರು ದಿನ ಬದುಕಬಲ್ಲದು.

ಮನೆಯಲ್ಲಿ ಅತಿ ಹೆಚ್ಚು ಸಲ ಒಗೆಯಬೇಕಾದ, ಬಿಸಿಲನ್ನು ಅತಿ ಕಡಿಮೆ ಕಾಣುವ ಇನ್ನೊಂದು ಬಟ್ಟೆಯಿದೆ. ಮುಟ್ಟಿನ ಬಟ್ಟೆಯನ್ನು ಒಗೆದ ಮೇಲೂ ಬೇರೆ ಬಟ್ಟೆಯ ಅಡಿಯಲ್ಲೋ ಬಚ್ಚಲ ಕತ್ತಲಲ್ಲೋ ಒಣಹಾಕುವ ಹೆಣ್ಣುಮಕ್ಕಳಿಗೆ ಎಷ್ಟು ಸಲ ಒಗೆಯಬೇಕೆಂದು ಬೋಧಿಸಿ ಫಲವಿಲ್ಲ. ಅವರಿಗೆ ಸಿಗಬೇಕಾದದ್ದು ಬಿಸಿಲು, ನಾಚದೆ ಹರವುವ ಒಂದು ಹಗ್ಗ.

ನಮ್ಮ ಸಮೀಕ್ಷೆಗಳಲ್ಲಿ ಇವೆಲ್ಲ ಸಿಗುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮನೆಯಲ್ಲಿ ಹಾಸಿಗೆ ಇದೆಯೇ, ಮಂಚ ಇದೆಯೇ, ಬಟ್ಟೆ ಒಗೆಯುವ ಯಂತ್ರ ಇದೆಯೇ ಎಂದು ಆಸ್ತಿಯ ಪಟ್ಟಿಗಾಗಿ ಕೇಳುತ್ತದೆ. ಆ ಪಟ್ಟಿಯ ಪಕ್ಕದಲ್ಲೇ ಹೊದಿಕೆ ಒಣಗುವುದು ಎಲ್ಲಿ, ಹೊತ್ತು ತಾರಸಿ ಹತ್ತುವವರು ಯಾರು, ಒಂದು ಒಗೆತಕ್ಕೆ ಹೋದಾಗ ಹೊದೆಯಲು ಇನ್ನೊಂದು ಉಂಟೇ ಎಂದು ಕೇಳಬಹುದು. ಕೊನೆಯ ಪ್ರಶ್ನೆ ವಿದ್ಯಾರ್ಥಿನಿಲಯಗಳಲ್ಲಿ ಬಹಳ ಮುಖ್ಯ. ಕಜ್ಜಿ ಕಾಣಿಸಿಕೊಂಡಾಗ ಕೋಣೆಯ ಎಲ್ಲ ಮಕ್ಕಳಿಗೂ ಒಟ್ಟಿಗೆ ಮದ್ದು ಹಚ್ಚಿ, ಅದೇ ದಿನ ಎಲ್ಲರ ಹಾಸಿಗೆ ಬಟ್ಟೆಯನ್ನು 50 ಡಿಗ್ರಿಗಿಂತ ಬಿಸಿಯಾದ ನೀರಲ್ಲಿ ಒಗೆಯಬೇಕು, ಆಗದಿದ್ದರೆ ಚೀಲದಲ್ಲಿ ಕಟ್ಟಿ 72 ಗಂಟೆ ಇಡಬೇಕು. ಒಂದೇ ಹೊದಿಕೆ ಇರುವ ಮಗು ಆ ಮೂರು ರಾತ್ರಿ ಏನನ್ನು ಹೊದೆಯಬೇಕು? ಯಂತ್ರ ಕೊಳ್ಳುವ ಮೊದಲು ನಿಲಯದ ಆಯವ್ಯಯದಲ್ಲಿ ಪ್ರತಿ ಮಗುವಿಗೂ ಎರಡನೇ ಜೊತೆ ಮೇಲುಹಾಸು, ಹೊದಿಕೆ ಬರಬೇಕು, ಅದರ ಜೊತೆಗೇ ತಾರಸಿಯ ಬಾಗಿಲಿನ ಕೀಲಿ ಮಕ್ಕಳಿಗೆ ಸಿಗುವ ಏರ್ಪಾಡಾಗಬೇಕು.