ಅಕ್ಷರ ಕಲಿಸಿದವರ ಜೀವನೋಪಾಯ

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಗೆ ಹೋದವರು ಶಾಂತಿನಾಥ ಬಸದಿಯನ್ನೂ ತ್ರಿಮೂರ್ತಿ ದೇವಾಲಯವನ್ನೂ ನೋಡಿ, ಶಿಲ್ಪಿಗಳ ಕೈಚಳಕವನ್ನು ಕೊಂಡಾಡಿ ಹಿಂದಿರುಗುವುದು ವಾಡಿಕೆ. ಅಲ್ಲಿಯ ಶಾಸನಗಳೆದುರು ನಿಲ್ಲುವವರು ವಿರಳ. ಒಂದು ಕಾಲಕ್ಕೆ ಈ ಊರು ನಾಗರಖಂಡ 70 ಎಂಬ ನಾಡಿನ ಮುಖ್ಯ ಪಟ್ಟಣವಾಗಿತ್ತು. 10ನೆಯ ಶತಮಾನದ ಆದಿಭಾಗದಲ್ಲಿ, ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಆಳಿಕೆಯಲ್ಲಿ, ನಾಡಿನ ಅಧಿಕಾರಿಯಾದ ಸತ್ತರಸ ನಾಗಾರ್ಜುನನು ತೀರಿಕೊಳ್ಳಲು, ಅವನ ಪತ್ನಿ ಜಕ್ಕಿಯಬ್ಬೆ ಆ ಅಧಿಕಾರವನ್ನು ವಹಿಸಿಕೊಂಡಳು. ಕಡೆಗೆ ಬಂದಳಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹತ್ಯಾಗ ಮಾಡಿದಳು. ಈ ವೃತ್ತಾಂತ ಕನ್ನಡದ ಶಾಸನವೊಂದರಲ್ಲಿ ಉಳಿದುಬಂದಿದೆ.

ಕಲ್ಲಿನಲ್ಲಿ ಅಕ್ಷರ ನಿಲ್ಲಬೇಕಾದರೆ ಬರೆಯಬಲ್ಲವರೂ ಓದಬಲ್ಲವರೂ ನಾಡಿನಲ್ಲಿರಬೇಕು. ಅವರೆಲ್ಲರ ಕೈಹಿಡಿದು ಮೊದಲ ಅಕ್ಷರವನ್ನು ತಿದ್ದಿಸಿದವರೊಬ್ಬರು ಇದ್ದೇ ಇರಬೇಕು. ಹಾಗೆ ತಿದ್ದಿಸಿದವರ ಹೊಟ್ಟೆಬಟ್ಟೆ ನಡೆದುದು ಹೇಗೆ ಎಂಬುದೇ ನಾನು ಇಂದು ವಿಚಾರಮಾಡಬೇಕೆಂದಿರುವ ಸಂಗತಿ.

ಉತ್ತರ ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಅದೇ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೋಡಿಯ ಮಠವಿತ್ತು. ನಾಲ್ಕು ವೇದಗಳು, ವ್ಯಾಕರಣಗಳು, ದರ್ಶನಗಳು ಇವೆಲ್ಲಕ್ಕೂ ಅದು ವ್ಯಾಸಂಗಸ್ಥಾನವಾಗಿತ್ತೆಂದೂ, ದೀನರಿಗೆ ಅಲ್ಲಿ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿದ್ದುವೆಂದೂ 1162ರ ಶಾಸನ ವರ್ಣಿಸುತ್ತದೆ. ಇದು ಪಂಡಿತರ ಮಾತಾಯಿತು. ನಮ್ಮ ಪ್ರಶ್ನೆಗೆ ನೇರವಾದ ಉತ್ತರವಿರುವುದು ಸಮೀಪದ ತಾಳಗುಂದದಲ್ಲಿ. ಕದಂಬ ಮಯೂರಶರ್ಮನು ಉನ್ನತ ವಿದ್ಯೆಗಾಗಿ ಕಂಚಿಯ ಘಟಿಕೆಗೆ ಹೋದನೆಂದು ಹೇಳುವ ಸ್ತಂಭಶಾಸನ ಈ ಊರಿನದೇ. ಶತಮಾನಗಳು ಉರುಳಿದ ಬಳಿಕ, 12ನೆಯ ಶತಮಾನದಲ್ಲಿ, ಅಲ್ಲಿಯ ಅಗ್ರಹಾರಕ್ಕೆ ದತ್ತಿ ಬಿಟ್ಟವರು ವೇದ, ವ್ಯಾಕರಣಗಳನ್ನು ಹೇಳಿಕೊಡುವವರ ಸಾಲಿನಲ್ಲಿಯೇ ಕನ್ನಡದ ಅಕ್ಷರಶಿಕ್ಷೆಗೂ ಒಂದು ಪಾಲನ್ನು ಗೊತ್ತುಮಾಡಿದರು. ಓದುವವರ ಊಟಕ್ಕೂ ಏರ್ಪಾಡು ಮಾಡಿದರು. ವೇದಾಂತದ ಪಕ್ಕದಲ್ಲಿ ಬಾಲಶಿಕ್ಷೆಗೆ ದೊರೆತ ಈ ಸ್ಥಾನ ಅಲ್ಪವಾದುದಲ್ಲ. ಭೂಮಿಯ ಉತ್ಪತ್ತಿಯಿಂದ ನಡೆಯುವ ದತ್ತಿಯಾದುದರಿಂದ, ಉಪಾಧ್ಯಾಯನು ದಿನದಿನವೂ ದಾನಿಯ ಬಾಗಿಲನ್ನು ಕಾಯಬೇಕಾಗಿರಲಿಲ್ಲ.

ಆದರೆ ದತ್ತಿಯ ಆಶ್ರಯ ಎಲ್ಲ ಊರುಗಳಿಗೂ ಇರಲಿಲ್ಲ. ಈಚಿನ ಶತಮಾನಗಳ ಕೂಲಿಮಠವನ್ನು ನೋಡಿ. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದಿ, ಬಳಿಕ ಹಲಗೆಗೆ, ಅನಂತರ ಬಳಪ ಹಿಡಿದು ಕಡತಕ್ಕೆ ಏರುತ್ತಿದ್ದರು. ತರಗತಿಯ ಪ್ರಗತಿಗೆ ಇದೇ ಅಳತೆಗೋಲು. ಐಗಳ ಸಂಪಾದನೆ ಮಾತ್ರ ಮನೆಮನೆಯ ಕಾಳುಕಡ್ಡಿ, ಚಿಲ್ಲರೆ ಕಾಸು. ಮಹಾನವಮಿ ಬಂದರೆ ಹುಡುಗರು ಹೊಸಬಟ್ಟೆ ತೊಟ್ಟು, ಕೋಲು ಹಿಡಿದು, ಚೌಪದ ಹೇಳುತ್ತ ಊರ ಮನೆಗಳಿಗೆಲ್ಲ ಹೋಗಿ ಅಯ್ಯನವರಿಗೆ ಕಾಣಿಕೆ ಕೂಡಿಸುತ್ತಿದ್ದರು. ಕೇಳುವುದಕ್ಕೆ ಇದು ಸೊಗಸಾದ ಹಬ್ಬ. ಅಯ್ಯನವರಿಗೋ ವರುಷದ ಜೀವನ. ಮಳೆ ತಪ್ಪಿದ ವರುಷ ಚೌಪದವೆಷ್ಟು ಇಂಪಾಗಿದ್ದರೂ ತಟ್ಟೆ ತುಂಬುತ್ತಿರಲಿಲ್ಲ.

ಇಲ್ಲಿ ಬಿ. ಎಲ್. ರೈಸರನ್ನು ನೆನೆಯಬೇಕು. ಬಂದಳಿಕೆ, ಬಳ್ಳಿಗಾವೆ, ತಾಳಗುಂದಗಳ ಶಾಸನಗಳನ್ನು 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿ ಅಚ್ಚುಹಾಕಿಸಿದವರು ಅವರೇ. ಶಾಸನತಜ್ಞರೆಂದೇ ನಾವು ಅವರನ್ನು ಬಲ್ಲೆವು. ಆದರೆ ಅದಕ್ಕೂ ಮೊದಲು ಅವರು ಮೈಸೂರಿನ ವಿದ್ಯಾ ಇಲಾಖೆಯವರು. 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ರೂಪಿಸಿದರು. ಹೋಬಳಿಗೊಂದು ಶಾಲೆ, ಉಪಾಧ್ಯಾಯನಿಗೆ ಗೊತ್ತಾದ ಸಂಬಳ, ಹಳೆಯ ಐಗಳನ್ನು ತಳ್ಳಿಹಾಕದೆ ನಾರ್ಮಲ್ ಶಾಲೆಗೆ ಕರೆತಂದು ತರಬೇತು ಕೊಡುವುದು. ಕಲಿಸುವವನೂ ಕಲಿಯುತ್ತಿರಬೇಕೆಂಬ ತತ್ತ್ವ ಹೀಗೆ ನಮ್ಮ ಹಳ್ಳಿಗಳನ್ನು ಮುಟ್ಟಿತು. ಮಕ್ಕಳಿಗೆ ಹಾಡಿಸಿ ಹಣ ಕೂಡಿಸುವ ಹೊರೆ ಇಳಿದರೆ ಉಪಾಧ್ಯಾಯನ ಮನಸ್ಸು ಪಾಠದ ಕಡೆಗೆ ತಿರುಗೀತೆಂಬುದು ಇದರ ಒಳಗುಟ್ಟು.

ಆ ಹೊರೆ ಪೂರ್ತಿ ಇಳಿಯಿತೆ? ತಾಳಗುಂದದ ಅನ್ನದ ಏರ್ಪಾಡಿನ ನೆನಪು ಬರುವಂತೆ, ಈ ಶತಮಾನದ ಮೊದಲ ವರುಷಗಳಲ್ಲಿ ಅಕ್ಷರ ದಾಸೋಹವೆಂಬ ಹೆಸರಿನಿಂದ ರಾಜ್ಯದ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಮೊದಲಾಯಿತು. ಅದು ಸಂತೋಷದ ವಿಷಯ. ಆದರೂ ಬೆಂಚು, ಪುಸ್ತಕ, ಸುಣ್ಣಬಣ್ಣಗಳಿಗಾಗಿ ಹಳೆಯ ವಿದ್ಯಾರ್ಥಿಗಳನ್ನೂ ಊರ ಹಿರಿಯರನ್ನೂ ಕೇಳಿಕೊಳ್ಳುವ ಮೇಷ್ಟ್ರುಗಳು ಹಳ್ಳಿಯಲ್ಲಿ ಇನ್ನೂ ಇದ್ದಾರೆ. ಊರವರು ಕೊಡುವುದು ತಪ್ಪಲ್ಲ, ಅದು ನಮ್ಮ ಹಳೆಯ ಸಂಪ್ರದಾಯ. ಆದರೆ ಕೊಡುವವರು ತಾಳಗುಂದದ ದಾನಿಗಳಂತೆ ಕೊಡಬೇಕು: ಕೇಳುವ ಮೊದಲೇ, ವರುಷ ವರುಷವೂ ನಡೆಯುವ ಹಾಗೆ.

ಇನ್ನೊಮ್ಮೆ ಬಂದಳಿಕೆಗೆ ಹೋದಾಗ, ಬಸದಿಯನ್ನು ನೋಡಿಯಾದ ಮೇಲೆ, ದಾರಿಯಲ್ಲಿ ಸಿಕ್ಕುವ ಯಾವುದಾದರೊಂದು ಹಳ್ಳಿಯ ಶಾಲೆಯ ಒಳಗೂ ಒಂದು ಗಳಿಗೆ ಹೋಗಿ ಬನ್ನಿ. ಕಲ್ಲಿನ ಅಕ್ಷರಗಳನ್ನು ಮುಂದೆ ಓದಬೇಕಾದವರು ಅಲ್ಲಿ ಕುಳಿತಿರುತ್ತಾರೆ.