ಭಟ್ಕಳದ ಕುದುರೆ, ಕುಮಟೆಯ ಹತ್ತಿ: ಘಟ್ಟದ ಕೆಳಗಿನ ಬಂದರುಗಳ ಸಾಗಾಟದ ಚರಿತ್ರೆ

ವಿಜಯನಗರದ ಸಾಳುವ ನರಸಿಂಹ ಕುದುರೆ ಕೊಳ್ಳುತ್ತಿದ್ದ ಕ್ರಮವನ್ನು ಪೋರ್ಚುಗೀಸ್ ವರ್ತಕ ಫೆರ್ನಾಂವ್ ನೂನಿಜ್ ಬರೆದಿಟ್ಟಿದ್ದಾನೆ. ಅರಸ ಹೊರ್ಮುಜ್ ಮತ್ತು ಏಡನ್‌ಗಳಿಂದ ತನ್ನ ಬಂದರುಗಳಿಗೆ ಕುದುರೆ ತರಿಸುತ್ತಿದ್ದ, ವರ್ತಕರು ಕೇಳಿದಷ್ಟು ಕೊಡುತ್ತಿದ್ದ. ಮೂರು ಕುದುರೆಗೆ ಸಾವಿರ ಪರ್ದಾವ್, ಎಂದರೆ ಸಾವಿರ ವರಾಹ. ಕುದುರೆ ಬದುಕಿ ಬಂದರೂ ಅದೇ ಬೆಲೆ, ಸತ್ತರೂ ಅದೇ ಬೆಲೆ. ಕಡಲಲ್ಲಿ ಸತ್ತದ್ದರ ಬಾಲವನ್ನಷ್ಟೇ ತಂದು ತೋರಿಸಿದರೆ ಸಾಕಿತ್ತು.

ಇದನ್ನು ಅರಸನ ಔದಾರ್ಯದ ಕತೆಯಾಗಿ ಹೇಳುವುದು ರೂಢಿ. ನೂನಿಜ್ ಬರೆದದ್ದು 1530ರ ದಶಕದಲ್ಲಿ, ನರಸಿಂಹ ತೀರಿಕೊಂಡು ನಾಲ್ಕು ದಶಕ ಕಳೆದ ಮೇಲೆ. ಹಾಗಾಗಿ ಇದು ಕೇಳಿ ಬರೆದದ್ದು. ಆದರೆ ನೂನಿಜ್ ಸ್ವತಃ ಕುದುರೆ ವ್ಯಾಪಾರಿ. ದರಬಾರಿನ ವೈಭವವನ್ನು ಅವನು ಉತ್ಪ್ರೇಕ್ಷಿಸಿರಬಹುದು. ತನ್ನ ಕಸುಬಿನ ಕರಾರುಗಳನ್ನು ಅವನಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಬಾಲದ ಕರಾರು ನನಗೆ ಔದಾರ್ಯವಾಗಿ ಕಾಣುವುದಿಲ್ಲ, ಲೆಕ್ಕಾಚಾರವಾಗಿ ಕಾಣುತ್ತದೆ. ಕಡಲಿನ ನಷ್ಟವನ್ನು ಮಾರುವವನ ಹೆಗಲಿನಿಂದ ಇಳಿಸಿ ಕೊಳ್ಳುವವನು ಹೊತ್ತರೆ ಹಡಗು ಬಹಮನಿಗಳ ಬಂದರಿಗೆ ತಿರುಗದೆ ತನ್ನ ಬಂದರಿಗೇ ಬರುತ್ತದೆ. ಇಂದು ವಿಮಾ ಕಂಪನಿ ಮಾಡುವ ಕೆಲಸವನ್ನು ಅಂದು ಅರಸನ ಬೊಕ್ಕಸ ಮಾಡುತ್ತಿತ್ತು.

ಆ ಬಂದರುಗಳಲ್ಲಿ ಮುಖ್ಯವಾದವು ಭಟ್ಕಳ ಮತ್ತು ಹೊನ್ನಾವರ. ಕುಮಟೆಯ ಸರದಿ ಬಂದದ್ದು ಬಹಳ ತಡವಾಗಿ, ಹತ್ತಿಯ ಕಾಲದಲ್ಲಿ. ಸುಮಾರು ಐವತ್ತು ಕಿಲೋಮೀಟರಿನ ಕರಾವಳಿಯೊಳಗಿರುವ ಈ ಮೂರು ಊರುಗಳ ಏಳುಬೀಳನ್ನು ಕಡಲ ಕಡೆಯಿಂದಲೇ ವಿವರಿಸುವುದು ವಾಡಿಕೆ: ಅಳಿವೆಯ ಆಳ, ಉಸುಕಿನ ದಿಣ್ಣೆ, ಪೋರ್ಚುಗೀಸರ ತೋಪು. ಅದು ಅರ್ಧ ಮಾತ್ರ. ಯಾವ ಸರಕು ಯಾವ ಬಂದರಿಗೆ ಬಂತು, ಎಷ್ಟು ಕಾಲ ಉಳಿಯಿತು ಎಂಬುದನ್ನು ಬೆನ್ನ ಹಿಂದಿನ ಘಟ್ಟದ ದಾರಿ ಹೆಚ್ಚು ನಿರ್ಧರಿಸಿದೆ ಎಂಬುದು ಈ ಲೇಖನದ ವಾದ.

ಮೊದಲು ಸಾಗಾಟದ ಬಗೆಯನ್ನು ನೋಡೋಣ. 1340ರ ದಶಕದಲ್ಲಿ ಇಬ್ನ್ ಬತೂತಾ ಹೊನ್ನಾವರಕ್ಕೆ ಬಂದಾಗ ಅಲ್ಲಿ ಸುಲ್ತಾನ ಜಮಾಲುದ್ದೀನ್ ಆಳುತ್ತಿದ್ದ. ಊರಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದೂ, ಸುಲ್ತಾನನ ಕಡಲ ಬಲಕ್ಕೆ ಹೆದರಿ ಮಲಬಾರಿನವರು ಅವನಿಗೆ ಕಾಣಿಕೆ ಸಲ್ಲಿಸುತ್ತಿದ್ದರೆಂದೂ ಬತೂತಾ ಬರೆಯುತ್ತಾನೆ. ಆ ಸುಲ್ತಾನ 52 ಹಡಗುಗಳೊಡನೆ ಗೋವೆಯ ಮೇಲೆ ಏರಿಹೋದಾಗ ಇವನೂ ಜೊತೆಗಿದ್ದ. ಆ ಪಡೆಯಲ್ಲಿ ಹಿಂಭಾಗ ತೆರೆದುಕೊಳ್ಳುವ ಎರಡು ಕುದುರೆ ಹಡಗುಗಳಿದ್ದವು. ಸವಾರ ಒಳಗೇ ಕುದುರೆ ಹತ್ತಿ, ಕವಚ ತೊಟ್ಟು, ನೇರ ದಡಕ್ಕೆ ಇಳಿಯಬಹುದಿತ್ತು. ಕಾರುಗಳನ್ನು ಹೊತ್ತು ತರುವ ಇಂದಿನ ಹಡಗುಗಳಲ್ಲಿ ಬಾಗಿಲು ಚಾಚಿ ದಕ್ಕೆಗೆ ಸೇತುವೆಯಾಗುತ್ತದೆ, ವಾಹನ ತನ್ನ ಗಾಲಿಯ ಮೇಲೆಯೇ ಉರುಳಿ ಹೊರಬರುತ್ತದೆ. ತತ್ವ ಅದೇ. ವ್ಯತ್ಯಾಸವೆಂದರೆ ಕಾರಿಗೆ ದಾರಿಯುದ್ದಕ್ಕೂ ನೀರು, ಮೇವು ಬೇಡ.

ಕುದುರೆಗೆ ಬೇಕು. ಒಂದು ಹಡಗಿನಲ್ಲಿ ಎಷ್ಟು ಕುದುರೆ ಹಿಡಿಸುತ್ತವೆ ಎನ್ನುವುದಕ್ಕಿಂತ ಅವುಗಳಿಗೆ ಎಷ್ಟು ನೀರು ಹಿಡಿಸುತ್ತದೆ ಎಂಬುದೇ ದೊಡ್ಡ ಪ್ರಶ್ನೆ. ಹೆರಾತಿನ ಶಾರುಖ್ ದೊರೆಯ ರಾಯಭಾರಿಯಾಗಿ 1442ರಲ್ಲಿ ಹೊರ್ಮುಜ್ ಬಿಟ್ಟ ಅಬ್ದುಲ್ ರಜಾಕ್‌ನ ಪರಿವಾರ ಒಂದೇ ಹಡಗಿನಲ್ಲಿ ಹಿಡಿಸಲಿಲ್ಲ. ಆಳುಗಳನ್ನೂ ಕುದುರೆಗಳನ್ನೂ ಬೇರೆ ಬೇರೆ ಹಡಗುಗಳಿಗೆ ಹಂಚಬೇಕಾಯಿತು. ವಿಜಯನಗರ ನೋಡಿಕೊಂಡು ಅವನು 1444ರ ಜನವರಿಯಲ್ಲಿ ಮರಳಿ ಹಡಗು ಹತ್ತಿದ್ದು ಹೊನ್ನಾವರದಲ್ಲೇ. ಅದು ಕಾಕತಾಳೀಯವಲ್ಲ. ಮಳೆಗಾಲದ ಕೊನೆಗೆ ಪಡುವಣ ಗಾಳಿ ಹಿಡಿದು ಬಂದ ಹಡಗುಗಳು ಮೂಡಣ ಗಾಳಿ ಬೀಸುವ ತಿಂಗಳುಗಳಲ್ಲಿ ಹಿಂದಿರುಗಬೇಕು. ನಡುವಿನ ಮೂರು ನಾಲ್ಕು ತಿಂಗಳಲ್ಲಿ ಕುದುರೆ ಮಾರಾಟವಾಗಬೇಕು, ಮರುಪಯಣಕ್ಕೆ ಅಕ್ಕಿ, ಮೆಣಸು ತುಂಬಬೇಕು.

ಇಷ್ಟು ಕಷ್ಟಪಟ್ಟು ತಂದ ಕುದುರೆ ಇಲ್ಲಿ ಬಹಳ ಕಾಲ ಬದುಕುತ್ತಿರಲಿಲ್ಲ. ದಕ್ಷಿಣದ ಹವೆಯಲ್ಲಿ ಒಳ್ಳೆಯ ತಳಿ ನಿಲ್ಲಲಿಲ್ಲ, ಮೇವೂ ಒಗ್ಗಲಿಲ್ಲ. 1470ರ ಸುಮಾರಿಗೆ ಹೊರ್ಮುಜ್‌ನಿಂದ ತಾನೇ ಒಂದು ಕುದುರೆಯನ್ನು ಹಡಗಿನಲ್ಲಿ ಚೌಲ್ ಬಂದರಿಗೆ ತಂದ ರಷ್ಯದ ವರ್ತಕ ಅಫನಾಸಿ ನಿಕಿಟಿನ್, ಇಲ್ಲಿ ಕುದುರೆಗೆ ಬಟಾಣಿಯನ್ನೂ, ಸಕ್ಕರೆ ಎಣ್ಣೆ ಹಾಕಿ ಬೇಯಿಸಿದ ಕಿಚಡಿಯನ್ನೂ ತಿನ್ನಿಸುತ್ತಾರೆಂದು ಬೆರಗಿನಿಂದ ಬರೆಯುತ್ತಾನೆ. ವ್ಯಾಪಾರಿಗೆ ಇದು ಲಾಭವೇ ಆಗಿತ್ತು, ಏಕೆಂದರೆ ಬೇಡಿಕೆ ವರ್ಷವರ್ಷವೂ ಮರುಕಳಿಸುತ್ತಿತ್ತು. ತನ್ನ ಕಾಲದ ಅರಸ ಹೊರ್ಮುಜ್ ಕುದುರೆ, ನಾಡಕುದುರೆ ಸೇರಿ ವರ್ಷಕ್ಕೆ 13,000 ಕೊಳ್ಳುತ್ತಾನೆಂದು ನೂನಿಜ್ ಹೇಳುತ್ತಾನೆ. ಆ ಅಂಕಿಯ ಬಗ್ಗೆ ಅನುಮಾನ ಪಡಬಹುದು. ಅದರ ಹಿಂದೆಯೇ ಅವನು ಕೊಡುವ ಹಣಕಾಸಿನ ವಿವರ ಮಾತ್ರ ನಂಬುವಂತಿದೆ. ಅರಸ ಒಳ್ಳೆಯವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು ನಾಡಕುದುರೆಗಳನ್ನು ಐದಕ್ಕೆ ಸಾವಿರ ಪರ್ದಾವ್‌ನಂತೆ ದಳಪತಿಗಳಿಗೆ ಹೊರಿಸುತ್ತಿದ್ದ. ಹಣ ಸೆಪ್ಟೆಂಬರ್ ತಿಂಗಳೊಳಗೆ ಬರಬೇಕು. ಆ ಹಣದಿಂದಲೇ ಅರಬ್ಬೀ ಕುದುರೆಯ ಬೆಲೆ ತೀರುತ್ತಿತ್ತು. ಹೊಸ ಹಡಗುಗಳು ದಡ ಮುಟ್ಟುವ ಕಾಲಕ್ಕೆ ಬೊಕ್ಕಸದಲ್ಲಿ ಹಣ ಸಿದ್ಧವಿರುವಂತೆ ಹೆಣೆದ ವ್ಯವಸ್ಥೆಯಿದು.

ಈ ವ್ಯಾಪಾರದ ಹಿಂದೆ ಹೆಸರು ಹಲಗೆ ಇರುವ ಕಂಪನಿಯನ್ನು ಹುಡುಕಿದರೆ ಸಿಗುವುದಿಲ್ಲ. ಇದ್ದದ್ದು ಹಡಗಿನ ಯಜಮಾನರಾದ ನಾಖುದರು, ಅವರ ಪಾಲುದಾರರು, ಮತ್ತು ಕರಾವಳಿಯ ಶಾಸನಗಳು ಹಂಜಮಾನ ಎಂದು ಕರೆಯುವ ಮುಸ್ಲಿಂ ವರ್ತಕರ ಸಂಘ. ಭಟ್ಕಳದ ನವಾಯತರು ತಮ್ಮ ಮೂಲವನ್ನು ಈ ಅರಬ್, ಪಾರಸಿ ವರ್ತಕರಲ್ಲೇ ಗುರುತಿಸಿಕೊಳ್ಳುತ್ತಾರೆ. ಪಕ್ಕದಲ್ಲೇ ಜೈನ ಶೆಟ್ಟರು, ಕೊಂಕಣಿ ವರ್ತಕರು ಇದ್ದರು. ಭಟ್ಕಳದ ಕೇತಪೈ ನಾರಾಯಣ ದೇಗುಲ ಕಟ್ಟಿಸಿದವನು ವ್ಯಾಪಾರಿ. ಅನತಿ ದೂರದಲ್ಲೇ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ. ಒಂದೇ ಬಂದರಿನ ಹಣ ಎಷ್ಟು ಕೈಗಳಲ್ಲಿ ಓಡಾಡಿತ್ತೆಂಬುದನ್ನು ಈ ಕಲ್ಲುಕಟ್ಟಡಗಳೇ ಹೇಳುತ್ತವೆ.

ಇಲ್ಲೊಂದು ಕಹಿ ಪ್ರಸಂಗವಿದೆ. ಬಹಮನಿಗಳಿಗೆ ಕುದುರೆ ಮಾರಿದರೆಂಬ ಸಿಟ್ಟಿನಿಂದ 15ನೆಯ ಶತಮಾನದ ಉತ್ತರಾರ್ಧದಲ್ಲಿ ವಿಜಯನಗರದ ಅರಸ ಭಟ್ಕಳದ ಮುಸ್ಲಿಂ ವರ್ತಕರ ಮೇಲೆ ಕೈಮಾಡಿಸಿದನೆಂದೂ, ಹತ್ತು ಸಾವಿರ ಮಂದಿ ಸತ್ತರೆಂದೂ, ಉಳಿದವರು ಗೋವೆಗೆ ಹೋಗಿ ನೆಲೆಸಿದರೆಂದೂ ಪೋರ್ಚುಗೀಸ್ ಚರಿತ್ರೆಕಾರ ಜೊವಾಂವ್ ದಿ ಬರ್ರೋಸ್ ಬರೆಯುತ್ತಾನೆ. ಬರ್ರೋಸ್ ಭಾರತಕ್ಕೆ ಕಾಲಿಟ್ಟವನೇ ಅಲ್ಲ, ಬರೆದದ್ದೂ ತಲೆಮಾರುಗಳ ನಂತರ. ಸಂಖ್ಯೆಯನ್ನು ಹಾಗೆಯೇ ಒಪ್ಪಬೇಕಿಲ್ಲ. ಆದರೆ ಜಗಳದ ಕಾರಣವಾಗಿ ಅವನು ಹೇಳುವುದು ಧರ್ಮವನ್ನಲ್ಲ, ಕುದುರೆ ಯಾರ ಲಾಯಕ್ಕೆ ಹೋಯಿತು ಎಂಬುದನ್ನು; ಅದು ಗಮನಿಸಬೇಕಾದ ಮಾತು. 1472ರಲ್ಲಿ ಮಹಮೂದ್ ಗವಾನ್ ಗೋವೆಯನ್ನು ಬಹಮನಿಗಳಿಗೆ ಗೆದ್ದುಕೊಟ್ಟ ಮೇಲೆ ಆ ಬಂದರು ಭಟ್ಕಳಕ್ಕೆ ನೇರ ಪ್ರತಿಸ್ಪರ್ಧಿಯಾಯಿತು.

ಪೋರ್ಚುಗೀಸರು ಬಂದದ್ದು ಈ ಪೈಪೋಟಿಯ ನಡುವೆ. 1502ರಲ್ಲಿ ವಾಸ್ಕೊ ಡ ಗಾಮಾ ಭಟ್ಕಳವನ್ನು ಬೆದರಿಸಿ ವರ್ಷಕ್ಕೆ 1,500 ಹೇರು ಅಕ್ಕಿಯ ಕಪ್ಪ ಹೇರಿದ: ನಾವಿಕರಿಗೆ ಸಾವಿರ, ಕಪ್ತಾನರಿಗೆ ಉತ್ತಮ ಅಕ್ಕಿ ಐನೂರು. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡಾ ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟ. ಅದೇ ಹೊನ್ನಾವರದ ಕಡಲಪಡೆಯ ನಾಯಕ ತಿಮ್ಮೋಜ 1510ರಲ್ಲಿ ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕ್‌ಗೆ ಗೋವೆಯ ದಾರಿ ತೋರಿಸಿದ. ಗೋವೆ ಕೈಗೆ ಬಂದದ್ದೇ ಕುದುರೆ ಹಡಗುಗಳೆಲ್ಲ ಅಲ್ಲಿಗೇ ಬರಬೇಕೆಂದು ಕಟ್ಟು ಮಾಡಿದರು. ಕುದುರೆಯೊಂದಕ್ಕೆ ಸುಮಾರು ನಲವತ್ತು ಪರ್ದಾವ್ ಸುಂಕ ಕಟ್ಟಿಸಿಕೊಂಡರು. ಅದಾಗಿ ಕೆಲವೇ ವರ್ಷಗಳಲ್ಲಿ ಬರೆದ ಡುವಾರ್ಟೆ ಬಾರ್ಬೊಸಾ, ಹಿಂದೆ ಭಟ್ಕಳಕ್ಕೆ ಬರುತ್ತಿದ್ದ ಕುದುರೆ, ಮುತ್ತುಗಳು ಈಗ ಗೋವೆಗೆ ಹೋಗುತ್ತಿವೆ ಎನ್ನುತ್ತಾನೆ. 1547ರಲ್ಲಿ ಜೊವಾಂವ್ ದಿ ಕಾಸ್ತ್ರೊ ವಿಜಯನಗರದೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಇದು ಕಾಗದದ ಮೇಲೂ ಬಂತು: ಗೋವೆಯಲ್ಲಿ ಇಳಿದ ಕುದುರೆ ವಿಜಯನಗರಕ್ಕೆ, ವಿಜಯನಗರದ ಕಬ್ಬಿಣ ಮತ್ತು ಪೆಟ್ಲುಪ್ಪು ಅಂಕೋಲೆ, ಹೊನ್ನಾವರಗಳ ಮೂಲಕ ಪೋರ್ಚುಗೀಸರಿಗೆ.

ಈ ಒಪ್ಪಂದವನ್ನು ಸಾವಧಾನವಾಗಿ ಓದಬೇಕು. ಕುದುರೆ ಗೋವೆಗೆ, ಕಬ್ಬಿಣ ಮಾತ್ರ ಇಲ್ಲಿನ ಬಂದರುಗಳಿಗೇ. ಯಾಕೆ? ಕುದುರೆ ತನ್ನ ಕಾಲ ಮೇಲೆ ನಡೆಯುವ ಸರಕು. ಅದನ್ನು ಗೋವೆಯಲ್ಲಿ ಇಳಿಸಿದರೂ ಯಾವುದಾದರೊಂದು ಘಟ್ಟ ಹತ್ತಿ ಹಂಪೆ ಸೇರುತ್ತದೆ. ಹತ್ತಾರು ಹರದಾರಿ ಸುತ್ತಾದರೆ ಮೇವಿನ ಖರ್ಚು ಹೆಚ್ಚೀತು ಅಷ್ಟೇ. ಅಕ್ಕಿ, ಕಬ್ಬಿಣ, ಮೆಣಸು ನಡೆಯುವುದಿಲ್ಲ. ಅವನ್ನು ಎತ್ತಿನ ಬೆನ್ನಿಗೆ ಹೇರಬೇಕು. ಎತ್ತಿಗೆ ಪಳಗಿದ ದಾರಿ ಬೇಕು, ದಾರಿಯಲ್ಲಿ ಕೆರೆ, ಹುಲ್ಲು, ಬಿಡದಿ ಬೇಕು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಡೊಮಿಂಗೊ ಪಾಯೆಸ್, ಭಟ್ಕಳದ ದಾರಿಯಲ್ಲಿ ವರ್ಷವೂ ಐದಾರು ಸಾವಿರ ಹೇರೆತ್ತುಗಳು ಓಡಾಡುತ್ತವೆಂದೂ, ಇಪ್ಪತ್ತು ಮೂವತ್ತು ಎತ್ತಿಗೆ ಒಬ್ಬ ಆಳು ಇರುತ್ತಾನೆಂದೂ ಬರೆದಿದ್ದಾನೆ. ಅವನು ನೋಡಿದ್ದು ಕುದುರೆ ಭಟ್ಕಳ ಬಿಟ್ಟು ಹೋಗಿ ಹತ್ತು ವರ್ಷದ ಸುಮಾರಿಗೆ. ಹೇರು ಮಾತ್ರ ಬಿಟ್ಟು ಹೋಗಿರಲಿಲ್ಲ. ಪೋರ್ಚುಗೀಸರ ಫರ್ಮಾನು ಕಡಲಲ್ಲಿ ನಡೆಯುತ್ತಿತ್ತು, ಘಟ್ಟದಲ್ಲಿ ನಡೆಯುತ್ತಿರಲಿಲ್ಲ.

ಮುಂದಿನ ನೂರು ವರ್ಷಗಳನ್ನು ಈ ಬೆಳಕಿನಲ್ಲಿ ನೋಡಿದರೆ ಗೊಂದಲ ಕಡಿಮೆಯಾಗುತ್ತದೆ. ಕಪ್ಪ ತಪ್ಪಿತೆಂದು 1542ರಲ್ಲಿ ಮಾರ್ಟಿಂ ಅಫೋನ್ಸೊ ದಿ ಸೋಜಾ ಭಟ್ಕಳವನ್ನು ಸುಟ್ಟು ಸೂರೆಗೈದ. ಊರು ಮತ್ತೆ ಎದ್ದಿತು. ಶರಾವತಿಯ ಮೇಲ್ದಂಡೆಯ ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ ಅರ್ಧ ಶತಮಾನ ಆಳಿದಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆದದ್ದರಲ್ಲಿ ಗೌರವ ಎಷ್ಟಿತ್ತೋ, ಅವಳನ್ನು ಬಿಟ್ಟರೆ ಮೆಣಸು ಸಿಗದೆಂಬ ಕಳವಳವೂ ಅಷ್ಟೇ ಇದ್ದೀತು. 1569ರಲ್ಲಿ ಹೊನ್ನಾವರದಲ್ಲಿ ಅವರದೇ ಕೋಟೆ ಎದ್ದ ಮೇಲೂ ಮೆಣಸಿನ ತೋಟವೂ ಅದರ ದಾರಿಯೂ ಇಲ್ಲಿನವರ ಕೈಯಲ್ಲೇ ಉಳಿದವು. 1637ರಲ್ಲಿ ಕೋರ್ಟೀನ್ ವರ್ತಕ ಸಂಘದ ಹಡಗುಗಳೊಡನೆ ಭಟ್ಕಳಕ್ಕೆ ಬಂದ ಇಂಗ್ಲಿಷರು ಇದನ್ನು ಬೇಗ ಅರ್ಥಮಾಡಿಕೊಂಡರು. ಪೀಟರ್ ಮಂಡಿ ಮತ್ತು ಸಂಗಡಿಗರು ದಡದಲ್ಲಿ ಚೌಕಾಶಿಗೆ ಕೂರದೆ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ವೀರಭದ್ರ ನಾಯಕನನ್ನು ಕಂಡರು. ಕೋಠಿಗೆ ಅಪ್ಪಣೆ ಸಿಕ್ಕಿತು. 1654ರಲ್ಲಿ ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರನ್ನು ಹೊನ್ನಾವರದಿಂದಲೂ ಹೊರಗೆ ಹಾಕಿದ.

ಮುಂದೆ ಮೈಸೂರಿನ ಹೈದರನು ಹೊನ್ನಾವರದಲ್ಲಿ ಯುದ್ಧನೌಕೆ ಕಟ್ಟುವ ದಕ್ಕೆ ಮಾಡಿಸಿದ್ದನ್ನು 1801ರಲ್ಲಿ ಇಲ್ಲಿ ಹಾದುಹೋದ ಬುಕಾನನ್ ದಾಖಲಿಸಿದ್ದಾನೆ. ಟಿಪ್ಪು ಮಸ್ಕತ್‌ನಲ್ಲಿ ತನ್ನದೇ ಕೋಠಿ ಇಟ್ಟು ಕರಾವಳಿಯ ಅಕ್ಕಿ, ಗಂಧ, ಮೆಣಸುಗಳನ್ನು ಸರಕಾರದ ಹೆಸರಲ್ಲೇ ಮಾರಿಸಿದ. ರಾಜ್ಯವೇ ಹಡಗು ಕಂಪನಿಯಾಗಲು ಹೊರಟ ಆ ಪ್ರಯೋಗ 1799ಕ್ಕೆ ನಿಂತುಹೋಯಿತು.

ಆಮೇಲಿನದು ಕುಮಟೆಯ ಕಾಲ. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಹಾಗಿದ್ದೂ 19ನೆಯ ಶತಮಾನದಲ್ಲಿ ಮುಂಬಯಿಯಿಂದ ಲಿವರ್‌ಪೂಲ್‌ವರೆಗೆ ಹತ್ತಿ ದಲಾಲರು ಧಾರವಾಡ, ಹುಬ್ಬಳ್ಳಿ ಸೀಮೆಯ ನಾಡಹತ್ತಿಯನ್ನು ಕುಮಟಾ ಹತ್ತಿ ಎಂದೇ ಕೂಗುತ್ತಿದ್ದರು. ಎರೆಹೊಲದಲ್ಲಿ ಬೆಳೆದ ಹತ್ತಿ ಶಿರಸಿಯ ಮೇಲೆ ಬಂದು, ಘಟ್ಟ ಇಳಿದು, ಇಲ್ಲಿ ಪತ್ತೆಮಾರಿ ಎಂಬ ಹಾಯಿಹಡಗು ಏರಿ ಮುಂಬಯಿಗೆ ಹೋಗುತ್ತಿತ್ತು. ಮೊದಮೊದಲು ಹೇರೆತ್ತಿನ ಮೇಲೆ, ದೇವಿಮನೆ ಘಟ್ಟದ ರಸ್ತೆ ಆದ ಮೇಲೆ ಗಾಡಿಯಲ್ಲಿ. ಬಂದರಾಗಿ ಕುಮಟೆ ಹೇಳಿಕೊಳ್ಳುವಂಥದ್ದಲ್ಲ. ಹಡಗು ಹೊರಗಿನ ತೆರೆದ ಕಡಲಲ್ಲೇ ಲಂಗರು ಹಾಕಬೇಕು. ದಕ್ಷಿಣಕ್ಕೆ ಶರಾವತಿಯ ವಿಶಾಲ ಅಳಿವೆ, ಉತ್ತರಕ್ಕೆ ಅಘನಾಶಿನಿಯದು, ಎರಡನ್ನೂ ಬಿಟ್ಟು ಹತ್ತಿ ಈ ಬಡ ಬಂದರಿಗೆ ಬಂದದ್ದಕ್ಕೆ ಘಟ್ಟದ ದಾರಿಯಲ್ಲದೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಆ ಘಟ್ಟ ಎಂಥದ್ದೆಂದು ತಿಳಿಯಲು ಯಾಣದ ಕಡೆ ಹೋದರೆ ಸಾಕು. ಭೈರವೇಶ್ವರ, ಮೋಹಿನಿ ಶಿಖರಗಳ ಕರಿಕಲ್ಲು ಕಾಡಿನ ಮೇಲೆ ಎದ್ದು ನಿಂತ ಕಡೆ ಇಂದು ರಸ್ತೆಯಿದೆ, ಹಿಂದೆ ಇರಲಿಲ್ಲ. ರೊಕ್ಕ ಇದ್ದವ ಗೋಕರ್ಣಕ್ಕೆ, ಸೊಕ್ಕು ಇದ್ದವ ಯಾಣಕ್ಕೆ ಎಂಬ ಗಾದೆ ಹುಟ್ಟಿದ್ದು ಸುಮ್ಮನಲ್ಲ. ಈ ಗೋಡೆಯಲ್ಲಿ ಹೇರು ಇಳಿಯುವಂಥ ಸಂದಿಗಳು ಬೆರಳೆಣಿಕೆಯಷ್ಟು. ಸಂದಿ ಎಲ್ಲಿದೆಯೋ ಅದರ ಕೆಳಗೆ ಪೇಟೆ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಧಾರವಾಡದ ಮೇಲೆ ಬಿತ್ತು. ಅವರಿಗೆ ಕುಮಟೆ ಸಾಲಲಿಲ್ಲ; ಕಾರವಾರದ ಸದಾಶಿವಗಡದಲ್ಲಿ ದೊಡ್ಡ ಬಂದರು ಬೇಕೆಂದರು. ಅವರ ಒತ್ತಾಯವೂ ಸೇರಿ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ಕಿತ್ತು ಮುಂಬಯಿಗೆ ಸೇರಿಸಲಾಯಿತು. ಒಂದು ಜಿಲ್ಲೆಯ ಆಡಳಿತದ ಗಡಿಯನ್ನೇ ಹತ್ತಿ ಬದಲಿಸಿತು. ನಮ್ಮ ಜಿಲ್ಲೆಯ ಚರಿತ್ರೆ ಬರೆಯುವವರು ಇದನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಡುವುದು ನನಗೆ ವಿಚಿತ್ರವೆನಿಸುತ್ತದೆ. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನು ಸದಾಶಿವಗಡಕ್ಕೆ ಹಡಗಿನಲ್ಲಿ ಕಳಿಸಿತು. ಯಂತ್ರ ಬಂತು, ಘಟ್ಟದ ರಸ್ತೆ ಮುಗಿದಿರಲಿಲ್ಲ. ಕಂಪನಿ ಕೈತೊಳೆದುಕೊಂಡಿತು. ಹತ್ತಿ ಮಾತ್ರ ಹಳೆಯ ದಾರಿ ಹಿಡಿದು ಕುಮಟೆಗೇ ಬರುತ್ತಿತ್ತು.

ಕುಮಟೆಯನ್ನು ಕೊನೆಗೆ ಮಣಿಸಿದ್ದು ಕಾರವಾರವಲ್ಲ, ಗೋವೆ. 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದದ ಫಲವಾಗಿ ಮರ್ಮಗೋವೆಯಿಂದ ಹೊರಟ ರೈಲುಹಾದಿ ಘಟ್ಟ ಹತ್ತಿ, 1880ರ ದಶಕದ ಕೊನೆಯ ಹೊತ್ತಿಗೆ ಹುಬ್ಬಳ್ಳಿ ಕಡೆಯ ರೈಲನ್ನು ಕೂಡಿಕೊಂಡಿತು. ಆಲ್ಬುಕರ್ಕ್‌ನ ಗೋವೆಗೆ ನಡೆಯುವ ಸರಕನ್ನಷ್ಟೇ ಎಳೆದುಕೊಳ್ಳಲು ಸಾಧ್ಯವಾಗಿತ್ತು. ರೈಲಿನ ಗೋವೆ ಹೇರುವ ಸರಕನ್ನೂ ಎಳೆದುಕೊಂಡಿತು. ದೇವಿಮನೆಯ ಗಾಡಿಗಳಿಗೆ ಹತ್ತಿ ತಪ್ಪಿತು, ಪತ್ತೆಮಾರಿಗಳಿಗೆ ಬಾಡಿಗೆ ತಪ್ಪಿತು.

1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲು ಕುಮಟೆ, ಹೊನ್ನಾವರ, ಭಟ್ಕಳ ಮೂರನ್ನೂ ಮುಟ್ಟುತ್ತದೆ, ಆದರೆ ಕರಾವಳಿಗೆ ಸಮವಾಗಿ ಓಡುತ್ತದೆ; ಈ ಊರುಗಳ ಬೆನ್ನ ಹಿಂದಿನ ಘಟ್ಟವನ್ನು ಎಲ್ಲಿಯೂ ಹತ್ತುವುದಿಲ್ಲ. ಹತ್ತಬೇಕಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ 1990ರ ದಶಕದಿಂದ ಅರಣ್ಯ ಅನುಮತಿಯ ಕಡತಗಳಲ್ಲೂ ನ್ಯಾಯಾಲಯಗಳಲ್ಲೂ ಸಿಕ್ಕಿಕೊಂಡಿದೆ. ಕಾಡು ಉಳಿಯಬೇಕೆನ್ನುವವರ ವಾದ ಹಗುರವಾದದ್ದಲ್ಲ. ಅಘನಾಶಿನಿ ಅಳಿವೆಯ ತದಡಿಯಲ್ಲಿ, ಹೊನ್ನಾವರದ ಕಾಸರಕೋಡಿನಲ್ಲಿ ಹೊಸ ಬಂದರಿನ ಯೋಜನೆಗಳು ಬಂದಾಗ ಚರ್ಚೆಯೆಲ್ಲ ಅಳಿವೆಯ ಆಳ, ಮೀನುಗಾರರ ದಡ, ದಕ್ಕೆಯ ಉದ್ದಗಳ ಸುತ್ತ ನಡೆಯುತ್ತದೆ. ಅಲ್ಲಿ ಇಳಿದ ಸರಕು ಯಾವ ಘಟ್ಟ ಹತ್ತಬೇಕು ಎಂಬ ಪ್ರಶ್ನೆಯನ್ನು ಯೋಜನೆ ರೂಪಿಸುವವರು ಮೊದಲ ಪುಟದಲ್ಲೇ ಬರೆದುಕೊಳ್ಳಬೇಕಿತ್ತು.