ಹೆಣಿಗೆ ಪಟ್ಟಿ ಯಾರ ಆಸ್ತಿ?

ಐರ್ಲೆಂಡಿಗೆ ಹೋಗಿ ಬಂದವರು ತರುವ ಬೆಳ್ಳಿಯ ಉಂಗುರ, ಪದಕಗಳ ಮೇಲೆ ಒಂದು ಬಗೆಯ ಚಿತ್ತಾರವಿರುವುದನ್ನು ಓದುಗರಲ್ಲಿ ಕೆಲವರಾದರೂ ನೋಡಿರಬಹುದು. ಒಂದು ಪಟ್ಟಿ ಇನ್ನೊಂದರ ಮೇಲೆ ಹಾದು, ಮುಂದಿನದರ ಕೆಳಗೆ ನುಸುಳಿ, ಸುತ್ತಿ ಬಳಸಿ, ಕಡೆಗೆ ಹೊರಟಲ್ಲಿಗೇ ಬಂದು ಸೇರುತ್ತದೆ. ಅಂಗಡಿಯವರು ಇದನ್ನು ‘ಕೆಲ್ಟಿಕ್ ಗಂಟು’ ಎಂದು ಕರೆದು, ಐರಿಷ್ ಜನರ ಪಿತ್ರಾರ್ಜಿತವೆಂದು ಮಾರುತ್ತಾರೆ. ಈ ಹಕ್ಕುಪತ್ರವನ್ನು ಸ್ವಲ್ಪ ಪರಿಶೀಲಿಸೋಣ. ಹಳೆಯ ಕಡತ ತೆಗೆದು ನೋಡುವುದು ಹೇಗೂ ನಮ್ಮ ಕಸುಬು.

ಕ್ರೈಸ್ತಪೂರ್ವ ಕೆಲ್ಟ್ ಜನರ ಕಲೆಗೆ, ಸ್ವಿಟ್ಸರ್‌ಲೆಂಡಿನ ಒಂದು ಸ್ಥಳದಿಂದಾಗಿ, ಲಾ ಟೇನ್ ಶೈಲಿಯೆಂದು ಹೆಸರು. ಅದರಲ್ಲಿ ಇರುವುದು ಸುರುಳಿಗಳು, ಕಹಳೆಯ ಬಾಯಿಯಂತೆ ಅಗಲವಾಗುವ ಬಳ್ಳಿಗಳು. ಹೆಣಿಗೆ ಅದರ ಲಕ್ಷಣವೇ ಅಲ್ಲ. ಹೆಣೆದ ಪಟ್ಟಿಯನ್ನು ಕಾಣಬೇಕಾದರೆ ರೋಮನರ ನೆಲಹಾಸನ್ನು ನೋಡಬೇಕು. ಬಣ್ಣದ ಕಲ್ಲಿನ ಚೂರುಗಳನ್ನು ಕೂಡಿಸಿ ಮಾಡಿದ ಆ ನೆಲಗಳ ಅಂಚಿನಲ್ಲಿ ಎರಡೆಳೆ, ಮೂರೆಳೆಯ ಜಡೆಗಳು ಧಾರಾಳವಾಗಿವೆ. ಇಟಲಿಯ ಅಕ್ವಿಲೇಯಾ ಚರ್ಚಿನ ನಾಲ್ಕನೆಯ ಶತಮಾನದ ನೆಲದಲ್ಲಿ ಒಂದರೊಳಗೊಂದು ಸಿಕ್ಕಿಕೊಂಡ ಬಳೆಗಳಂಥ ಗಂಟುಗಳೂ ಉಂಟು. ಇಂಥ ನೆಲಗಳನ್ನು ರೋಮನರು ಬ್ರಿಟನ್ನಿನಲ್ಲೂ ಹಾಸಿದ್ದರು.

ಎರಡನೆಯ ಹಕ್ಕುದಾರರು ಜರ್ಮಾನಿಕ್ ಅಕ್ಕಸಾಲಿಗರು. ಅವರು ಪಟ್ಟಿಗೆ ತಲೆ, ಕಾಲು ಕೊಟ್ಟು ಅದನ್ನು ಪ್ರಾಣಿಯಾಗಿಸಿದರು. 1939ರಲ್ಲಿ ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿ ಮಣ್ಣಿನ ದಿಬ್ಬದಡಿ ಸಿಕ್ಕಿದ, ಏಳನೆಯ ಶತಮಾನದ ಆದಿಭಾಗದ ಚಿನ್ನದ ನಡುಪಟ್ಟಿಯ ಕೊಂಡಿಯ ತೂಕ ಸುಮಾರು 412 ಗ್ರಾಂ. ಅದರ ಮೇಲೆ 13 ಪ್ರಾಣಿಗಳು ಒಂದನ್ನೊಂದು ಕಚ್ಚಿ ಹೆಣೆದುಕೊಂಡಿವೆ. ಮೊದಲ ನೋಟಕ್ಕೆ ಒಂದೂ ಕಾಣುವುದಿಲ್ಲ. ಕಣ್ಣು ಪಳಗಿದ ಮೇಲೆ ಒಂದೊಂದಾಗಿ ಹೊರಬರುತ್ತವೆ.

ಈ ಧಾರೆಗಳೆಲ್ಲ ಕೂಡಿದ್ದು ಮಠಗಳಲ್ಲಿ. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಲಿಂಡಿಸ್‌ಫಾರ್ನ್ ದ್ವೀಪದ ಮಠವನ್ನು 635ರಲ್ಲಿ ಸ್ಥಾಪಿಸಿದ ಐಡನ್ ಐರಿಷ್ ಸನ್ಯಾಸಿ. ಅಲ್ಲಿ 698ರಿಂದ 721ರವರೆಗೆ ಬಿಷಪ್ ಆಗಿದ್ದ ಈಡ್‌ಫ್ರಿತ್ ಆಂಗ್ಲೋ-ಸ್ಯಾಕ್ಸನ್ ಕುಲದವನು. ಲಿಂಡಿಸ್‌ಫಾರ್ನ್ ಸುವಾರ್ತೆಗಳೆಂಬ ಹಸ್ತಪ್ರತಿಯನ್ನು ಬರೆದವನು ಇವನೇ ಎಂದು ಹತ್ತನೆಯ ಶತಮಾನದಲ್ಲಿ ಆಲ್‌ಡ್ರೆಡ್ ಎಂಬ ಪಾದ್ರಿ ಅದರಲ್ಲೇ ಬರೆದಿಟ್ಟಿದ್ದಾನೆ. ಅದರ ಐದು ಪುಟಗಳಲ್ಲಿ ಅಕ್ಷರವೇ ಇಲ್ಲ. ರತ್ನಗಂಬಳಿಯಂತೆ ಅಂಚಿನಿಂದ ಅಂಚಿಗೆ ಬರಿಯ ಹೆಣಿಗೆ. ಕೈ ಹೋದತ್ತ ಬರೆದದ್ದು ಇದೆಂದು ಯಾರೂ ಭಾವಿಸಬೇಕಾಗಿಲ್ಲ. ಕರುವಿನ ಚರ್ಮದ ಆ ಹಾಳೆಗಳ ಹಿಂಬದಿಯಲ್ಲಿ ಕೈವಾರದ ಮುಳ್ಳು ಚುಚ್ಚಿದ ಗುರುತುಗಳೂ ಚೌಕಳಿಯ ಗೆರೆಗಳೂ ಇಂದಿಗೂ ಇವೆ. ಮೊದಲು ಲೆಕ್ಕ, ಆಮೇಲೆ ಬಣ್ಣ.

ಆ ಲೆಕ್ಕವನ್ನು ರಂಗೋಲಿ ಬಲ್ಲ ನಮ್ಮ ಹೆಂಗಸರು ಕೂಡಲೇ ಹಿಡಿಯುತ್ತಾರೆ. 3 ಸಾಲು, ಸಾಲಿಗೆ 4ರಂತೆ ನೇರ ಚುಕ್ಕಿಗಳನ್ನಿಟ್ಟು, ನೆರೆಯ ಎರಡು ಚುಕ್ಕಿಗಳ ನಡುವೆಲ್ಲ ಎಳೆಗಳು ಒಂದನ್ನೊಂದು ದಾಟುವಂತೆಯೂ ಅಂಚಿನಲ್ಲಿ ಮಾತ್ರ ಹಿಂದಿರುಗುವಂತೆಯೂ ಸುತ್ತಿದರೆ, ಇಡೀ ಚಿತ್ರ ಒಂದೇ ಎಳೆಯಲ್ಲಿ ಮುಗಿಯುತ್ತದೆ. 4 ಸಾಲು, ಸಾಲಿಗೆ 6 ಚುಕ್ಕಿ ಇಟ್ಟರೆ ಎರಡು ಎಳೆ ಬೇಕು. ಎಳೆಗಳ ಸಂಖ್ಯೆಯೆಂದರೆ ಆ ಎರಡು ಸಂಖ್ಯೆಗಳ ಮ.ಸಾ.ಅ., ಅಷ್ಟೇ. ಮಕ್ಕಳಿಗೆ ಹೇಳಿ ಮಾಡಿಸಬಹುದು. ಇನ್ನು, ಜಡೆಯಲ್ಲಿ ಎಳೆಗಳು ದಾಟುವ ಕೆಲವು ಕಡೆ ಕತ್ತರಿಸಿ, ತುದಿಗಳನ್ನು ಪಕ್ಕಕ್ಕೆ ಬೆಸೆದರೆ ಬಗೆಬಗೆಯ ಗಂಟುಗಳು ಹುಟ್ಟುತ್ತವೆ. ಈ ಮರ್ಮವನ್ನು ರೊಮಿಲಿ ಆಲನ್ ಎಂಬ ವಿದ್ವಾಂಸ 1904ರ ತನ್ನ ಪುಸ್ತಕದಲ್ಲಿ ವಿವರಿಸಿದ್ದಾನೆ. ಸಾಮ್ಯ ಕಂಡೊಡನೆ, ಇದು ನಮ್ಮ ಅಜ್ಜಿಯರ ಅಂಗಳದಿಂದಲೇ ಅಲ್ಲಿಗೆ ಹೋಯಿತೆಂದು ಭಾಷಣ ಮಾಡುವ ಉತ್ಸಾಹಿಗಳು ನಮ್ಮಲ್ಲಿಲ್ಲದಿಲ್ಲ. ಅದಕ್ಕೆ ಆಧಾರವಿಲ್ಲ, ಚೌಕಳಿಯಲ್ಲಿ ಎಳೆ ಹೊರಟರೆ ಯಾವ ದೇಶದಲ್ಲಾದರೂ ಅದಕ್ಕಿರುವುದು ಇದೇ ದಾರಿ.

793ರಲ್ಲಿ ವೈಕಿಂಗರು ಲಿಂಡಿಸ್‌ಫಾರ್ನನ್ನು ಲೂಟಿ ಮಾಡಿದರು. ಈ ಕೊಳ್ಳೆಗಾರರಿಗೂ ಹೆಣಿಗೆಯ ಕಲೆ ಕರಗತವಾಗಿತ್ತೆಂಬುದು ಸೋಜಿಗ. ನಾರ್ವೆಯ ಊರ್ನೆಸ್ ಎಂಬಲ್ಲಿನ ಮರದ ಚರ್ಚಿನ ಬಾಗಿಲಲ್ಲಿ, ಹನ್ನೊಂದನೆಯ ಶತಮಾನದ ಕೆತ್ತನೆಯಲ್ಲಿ, ತೆಳುವಾದ ಪ್ರಾಣಿಗಳು ಬಳ್ಳಿಯಂತೆ ಬಳುಕಿ ಹೆಣೆದುಕೊಂಡಿವೆ. ಆ ಶೈಲಿ ಕಡಲು ದಾಟಿ ಐರ್ಲೆಂಡಿಗೆ ಬಂದು, 1123ರಲ್ಲಿ ಐರಿಷ್ ದೊರೆಯೊಬ್ಬನಿಗಾಗಿ ಮಾಡಿದ ಕಾಂಗ್ ಶಿಲುಬೆಯ ಮೇಲೆ ಕುಳಿತಿದೆ. ವೈರಿಗಳ ಚಿತ್ತಾರವೆಂದು ಅದನ್ನು ಯಾರೂ ದೂರವಿಟ್ಟಂತೆ ಕಾಣುವುದಿಲ್ಲ.

ಇಟಲಿಯ ಕಥೆ ಬೇರೆ. ಲಿಯೊನಾರ್ಡೊ ಡ ವಿಂಚಿಯ ಹೆಸರು ಹೊತ್ತ ಗಂಟುಗಳ ಮುದ್ರಿತ ಚಿತ್ರಗಳಿವೆ; ಜರ್ಮನಿಯ ಡ್ಯೂರರ್ ಅವುಗಳಲ್ಲಿ ಆರನ್ನು ಮರದಚ್ಚಿನಲ್ಲಿ ಕೆತ್ತಿದ. 1530ರಲ್ಲಿ ಪೆಲ್ಲೆಗ್ರಿನೊ ಎಂಬ ಇಟಲಿಯವನು ಪ್ಯಾರಿಸ್ಸಿನಲ್ಲಿ ಹೊರತಂದ ಮಾದರಿಗಳ ಪುಸ್ತಕದ ಹೆಸರಿನಲ್ಲೇ, ಇವು ಅರಬ್ಬೀ ಮತ್ತು ಇಟಲಿಯ ರೀತಿಯವು ಎಂದಿದೆ. ಸಾಲವನ್ನು ಮುಖಪುಟದಲ್ಲೇ ಒಪ್ಪಿಕೊಂಡ ಈತನ ಬಗ್ಗೆ ನಮಗೆ ಗೌರವ.

ಹಾಗಾದರೆ ‘ಕೆಲ್ಟಿಕ್’ ಎಂಬ ಹಣೆಪಟ್ಟಿ ಗಟ್ಟಿಯಾಗಿ ಅಂಟಿದ್ದು ಎಂದು? ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ. 1845ರಲ್ಲಿ ಆರಂಭವಾದ ಆಲೂಗಡ್ಡೆಯ ಕ್ಷಾಮದಲ್ಲಿ ಐರ್ಲೆಂಡಿನ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಮಂದಿ ದೇಶ ಬಿಟ್ಟರು. ಅವರ ನುಡಿಯೂ ವೇಗವಾಗಿ ಹಿಂಜರಿಯಿತು. ಅಂಥ ಕಾಲದಲ್ಲಿ ತಮ್ಮದೆನ್ನಲು ಒಂದು ಗುರುತನ್ನು ಹುಡುಕಿದವರನ್ನು ಕಂಡು, ಪರನಾಡಿನಲ್ಲಿ ಸಂಘ ಕಟ್ಟಿಕೊಂಡಿರುವ ನಾವು ನಗಲಾರೆವು. ಆದರೆ ವ್ಯಾಪಾರಿಗಳೂ ಸುಮ್ಮನಿರಲಿಲ್ಲ. 1850ರಲ್ಲಿ ಮೀತ್ ಪ್ರಾಂತದ ಬೆಟ್ಟಿಸ್ಟೌನ್ ಕಡಲತೀರದ ಬಳಿ, ಸುಮಾರು ಕ್ರಿ.ಶ. 700ರ ಒಂದು ಸೆರಗುಪಿನ್ನು ಸಿಕ್ಕಿತು. ಅದನ್ನು ಕೊಂಡ ಡಬ್ಲಿನ್ನಿನ ಚಿನಿವಾರ ವಾಟರ್‌ಹೌಸ್ ಪ್ರತಿಗಳನ್ನು ಮಾಡಿಸಿ ಮಾರುತ್ತಿದ್ದ. ಮೂಲಕ್ಕೆ, ಐರಿಷ್ ಸಾಮ್ರಾಟರ ಪುರಾಣಪ್ರಸಿದ್ಧ ಬೆಟ್ಟದ ಮೇಲೆ, ‘ತಾರಾ’ ಎಂದು ನಾಮಕರಣ ಮಾಡಿ 1851ರ ಲಂಡನ್ ಮಹಾಪ್ರದರ್ಶನದಲ್ಲಿಟ್ಟ. ಆ ಬೆಟ್ಟಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಡಬ್ಲಿನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಅದು ಇಂದಿಗೂ ತಾರಾ ಪಿನ್ನೇ. ಅದರ ಮುಂಬದಿಯಲ್ಲಿ ಚಿನ್ನದ ತಂತಿಯಲ್ಲಿ ಹೆಣೆದ ಪ್ರಾಣಿಗಳಿವೆ, ಜರ್ಮಾನಿಕ್ ಕುಶಲಿಗಳಿಂದ ಕಲಿತ ಕೆಲಸ. ಹಳೆಯ ಕೆಲ್ಟರ ಸುರುಳಿಗಳೂ ಇವೆ. ಆದರೆ ಅವು ಇರುವುದು ಹಿಂಬದಿಯಲ್ಲಿ, ತೊಟ್ಟಾಗ ಬಟ್ಟೆಗೆ ಒತ್ತಿಕೊಳ್ಳುವ ಕಡೆ.